ಮೊದಲು ವಾರ ಹೇಳಿ, ಆಮೇಲೆ ಚಿತ್ರ

ಗರ್ಭದೊಳಗಿನ ಮಿದುಳಿನ ಚಿತ್ರಗಳನ್ನು ಓದುವ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ: ವಾರ ಗೊತ್ತಿಲ್ಲದಿದ್ದರೆ ಚಿತ್ರವೂ ಮೂಕ. ದೊಡ್ಡವರ ಮಿದುಳು ಅಕ್ರೋಟಿನ ತಿರುಳಿನಂತೆ ಮಡಿಕೆ ಮಡಿಕೆ. 20 ವಾರದ ಭ್ರೂಣದ ಮಿದುಳೋ ಬಹುಮಟ್ಟಿಗೆ ನುಣುಪು. ಬದಿಯಲ್ಲಿ ಸಿಲ್ವಿಯನ್ ಬಿರುಕಿನ ತಗ್ಗು ಕಂಡರೆ ಅಷ್ಟೇ ಸಾಕು. ಅದೇ ನುಣುಪು 32ನೇ ವಾರದಲ್ಲೂ ಉಳಿದಿದ್ದರೆ ಲಿಸೆನ್ಸೆಫಲಿ ಎಂಬ ಗಂಭೀರ ದೋಷವನ್ನು ಶಂಕಿಸಬೇಕು. ಮಿದುಳಿನೊಳಗಿನ ಕುಹರದ ಅಂಚಿನಲ್ಲಿ ಹುಟ್ಟಿದ ನರಕೋಶಗಳು ಹೊರಮೈ ತಲುಪುವ ಪಯಣದಲ್ಲಿ ಎಲ್ಲೋ ನಿಂತುಹೋಗಿವೆ ಎಂದರ್ಥ. ಆದ್ದರಿಂದಲೇ 11ರಿಂದ 13 ವಾರದೊಳಗಿನ ಸ್ಕ್ಯಾನನ್ನು ತಪ್ಪಿಸಬಾರದೆಂದು ನಾನು ಹಟ ಹಿಡಿಯುತ್ತೇನೆ. ಆಗ ಶಿಶುವಿನ ಉದ್ದ ಅಳೆದು ಹೇಳುವ ವಯಸ್ಸು ಹೆಚ್ಚೆಂದರೆ ಕೆಲವು ದಿನ ತಪ್ಪೀತು. ಏಳನೇ ತಿಂಗಳಲ್ಲಿ ಮೊದಲ ಸ್ಕ್ಯಾನ್ ಆದರೆ ಎರಡು–ಮೂರು ವಾರವೇ ತಪ್ಪಬಹುದು. ತಲೆಯ ಅಳತೆಯಿಂದ ವಯಸ್ಸು ಊಹಿಸಿ, ಆ ವಯಸ್ಸಿಗೆ ತಲೆ ಸರಿಯಾಗಿದೆ ಎಂದು ಬರೆದರೆ ನಾವು ಏನನ್ನೂ ಪರೀಕ್ಷಿಸಿದಂತಾಗಲಿಲ್ಲ.

ಅಲ್ಟ್ರಾಸೌಂಡ್ ಇರುವಾಗ ಎಂಆರ್‌ಐ ಏಕೆ ಎಂಬ ಆಕ್ಷೇಪಕ್ಕೆ ಬ್ರಿಟನ್ನಿನ ಮೆರಿಡಿಯನ್ ಅಧ್ಯಯನ 2017ರಲ್ಲೇ ಉತ್ತರ ಕೊಟ್ಟಿದೆ. ಮಿದುಳಿನ ದೋಷದ ಶಂಕೆಯಿದ್ದ 570 ಭ್ರೂಣಗಳಲ್ಲಿ ಅಲ್ಟ್ರಾಸೌಂಡಿನ ನಿರ್ಣಯ ಸರಿಯಾದದ್ದು ಶೇ 68ರಷ್ಟು, ಎಂಆರ್‌ಐನದು ಶೇ 93ರಷ್ಟು. ಇವು ಮೊದಲೇ ಶಂಕೆಗೆ ಬಿದ್ದ ಭ್ರೂಣಗಳು ಎಂಬುದನ್ನು ಮರೆತು, ಎಲ್ಲ ಗರ್ಭಿಣಿಯರಿಗೂ ಎಂಆರ್‌ಐ ಬೇಕೆನ್ನುವುದು ತಪ್ಪಾಗುತ್ತದೆ. ಎಂಆರ್‌ಐಗೂ ಕೋಶ ಕಾಣದು. ಅದಕ್ಕೆ ಕಾಣುವುದು ಬೂದುಬಣ್ಣದ ಪದರಗಳು ಮಾತ್ರ. ಆ ಪದರದಲ್ಲಿ ಏನಿದೆಯೆಂದು ಹೇಳಬೇಕಾದದ್ದು ಸೂಕ್ಷ್ಮದರ್ಶಕ. ಐಐಟಿ ಮದ್ರಾಸಿನ ಸುಧಾ ಗೋಪಾಲಕೃಷ್ಣನ್ ಬ್ರೈನ್ ಸೆಂಟರ್ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಧರಣಿ’ ಎಂಬ ಭ್ರೂಣ ಮಿದುಳಿನ ಚಿತ್ರಸಂಪುಟ ನನಗೆ ಮುಖ್ಯವೆನಿಸುವುದು ಇಲ್ಲಿ. ಈ ಕೇಂದ್ರ, 14ರಿಂದ 24 ವಾರದ ಐದು ಮಿದುಳುಗಳನ್ನು 5,132 ತೆಳುಹಾಳೆಗಳಾಗಿ, ಕೋಶ ಕಾಣುವಷ್ಟು ಸ್ಪಷ್ಟವಾಗಿ ಚಿತ್ರಿಸಿ, ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಮಿದುಳುಗಳು ಐದೇ ಅಲ್ಲವೇ ಎನ್ನಬಹುದು, ನಿಜ. ಸಹಜತೆಯ ಮೇರೆ ಎಲ್ಲಿಯವರೆಗೆಂದು ಐದರಿಂದ ಹೇಳಲಾಗದು. ಅದಕ್ಕೆ ಸಾವಿರಾರು ಜೀವಂತ ಸ್ಕ್ಯಾನ್‌ಗಳು ಬೇಕು. ಆದರೆ ಊರಿನ ಜನಗಣತಿಗೂ ಊರಿನ ನಕ್ಷೆಗೂ ವ್ಯತ್ಯಾಸವಿದೆ. ಧರಣಿ ಕೊಟ್ಟಿರುವುದು ನಕ್ಷೆ.

ಹೆಚ್ಚು ಕಂಡಷ್ಟೂ ತಾಯಂದಿರ ದಿಗಿಲು ಹೆಚ್ಚುತ್ತದೆ ಎಂಬ ಆಕ್ಷೇಪ ಇವೆಲ್ಲಕ್ಕಿಂತ ಭಾರವಾದದ್ದು. ಪಾರ್ಶ್ವ ಕುಹರದ ಅಗಲವನ್ನೇ ನೋಡಿ: ವಾರ ಬದಲಾದರೂ ಹೆಚ್ಚುಕಡಿಮೆ ಬದಲಾಗದ ಅಪರೂಪದ ಅಳತೆ ಅದು, ಮಿತಿ 10 ಮಿಲಿಮೀಟರ್. 11 ಎಂದು ವರದಿಯಲ್ಲಿ ಕಂಡೊಡನೆ ಮನೆಮಂದಿಯ ಕಿವಿಗೆ ಅದು ಕಾಯಿಲೆಯ ಹೆಸರಾಗಿ ಕೇಳಿಸುತ್ತದೆ. ಬೇರೆ ದೋಷವಿಲ್ಲದಿದ್ದರೆ ಅಂಥ ಬಹುಪಾಲು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತವೆ. ಸಂಖ್ಯೆಯನ್ನು ಮುಚ್ಚಿಡುವುದು ಇದಕ್ಕೆ ಮದ್ದಲ್ಲ. ಅದರ ಜೊತೆಗೇ ಈ ಮಾತನ್ನೂ, ಮರಳಿ ನೋಡುವ ದಿನವನ್ನೂ ಬರೆದುಕೊಡಬೇಕು. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ನಮ್ಮ ದೇಶದ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 24 ವಾರದ ಆಚೆಗೆ ಗರ್ಭಪಾತಕ್ಕೆ, ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಬೇಕು. ಮಡಿಕೆಗಳ ಬಹುಭಾಗ ಮೂಡುವುದೂ ಆ ಗಡಿಯ ಆಚೆಗೇ. ಹೀಗಾಗಿ 20ನೇ ವಾರದ ವರದಿಯಲ್ಲಿ ‘ನಾರ್ಮಲ್’ ಎಂಬ ಒಂಟಿ ಪದವನ್ನು ನಾನು ಒಪ್ಪಲಾರೆ. ‘ಈ ವಾರಕ್ಕೆ ಸಹಜ, ಮಡಿಕೆಗಳನ್ನು ಇನ್ನೂ ನೋಡಲಾಗದು’ ಎಂಬಷ್ಟಾದರೂ ತಾಯಿಯ ಕೈಗೆ ಹೋಗಬೇಕು.