ಬಾಣಂತಿಯ ಈ ಮಾತನ್ನು ತೇಲಿಸಿಬಿಡಬೇಡಿ

ಪ್ರಶ್ನೆ: ತಂಗಿಗೆ 21 ವರ್ಷ. ಹೆರಿಗೆಯಾಗಿ ಎರಡು ತಿಂಗಳು. ಬಾಣಂತನಕ್ಕೆ ತವರಿಗೆ ಬಂದವಳು ಮಗು ಅತ್ತರೂ ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ. ರಾತ್ರಿ ನಿದ್ದೆಯಿಲ್ಲ. ‘ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು’ ಎನ್ನುತ್ತಾಳೆ. ಅಮ್ಮ ದೃಷ್ಟಿಯಾಗಿದೆ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಹೆರಿಗೆಯ ಬಳಿಕ ಅಳು, ಸಿಡುಕು ಸಾಮಾನ್ಯ, ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಎರಡು ತಿಂಗಳಾದರೂ ಹೀಗಿದ್ದರೆ ಅದು ಖಿನ್ನತೆಯಿರಬಹುದು. ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆಯಿದು. ಅಮ್ಮ ದೃಷ್ಟಿ ತೆಗೆಯಲಿ, ಜಗಳ ಬೇಡ; ವೈದ್ಯರ ಭೇಟಿಯನ್ನು ಮಾತ್ರ ಮುಂದೂಡಬೇಡಿ.

ಇವತ್ತೇ ಪಕ್ಕದಲ್ಲಿ ಕೂತು, ‘ಸಾಯಬೇಕು ಅನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಒಬ್ಬಳನ್ನೇ ಬಿಡಬೇಡಿ. ಕ್ರಿಮಿನಾಶಕ, ಮಾತ್ರೆಗಳನ್ನು ಮನೆಯಿಂದಲೇ ಹೊರಗೆ ಸಾಗಿಸಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಲ್ಲವೆಂದರೂ ನಾಳೆಯೊಳಗೆ ತೋರಿಸಿ. ಯಾರದೋ ದನಿ ಕೇಳಿಸುತ್ತಿದೆ ಎಂದರೆ, ಮಗುವಿಗೆ ಏನಾದರೂ ಮಾಡುವ ಮಾತಾಡಿದರೆ ಅದೂ ಅಷ್ಟೇ ತುರ್ತು.

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೊದಲ ಕರೆ ನೀವೇ ಮಾಡಿ. ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿ. ಮಗುವಿನ ತೂಕದಷ್ಟೇ ತಾಯಿಯ ಮನಸ್ಸನ್ನೂ ವಿಚಾರಿಸಲು ಹೇಳಿ. ಹಾಲೂಡಿಸುವವರಿಗೂ ಹೊಂದುವ ಔಷಧಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗು ಜೊತೆಗೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗವೇ ಇದೆ.

ಗಂಡನನ್ನೂ ಕರೆಸಿ. ರಾತ್ರಿ ಮಗುವನ್ನು ನೀವೆಲ್ಲ ಸರದಿಯಲ್ಲಿ ನೋಡಿಕೊಂಡು, ಅವಳಿಗೆ ಸತತ ನಾಲ್ಕೈದು ಗಂಟೆ ನಿದ್ದೆ ಸಿಗುವಂತೆ ಮಾಡಿ.