ಅಟ್ಟದ ಮೇಲಿನ ತಬಲ

ತುರುವೇಕೆರೆ ಕಡೆಯ ಹಳ್ಳಿಯೊಂದರಿಂದ ಬರುವ, ಅರವತ್ತು ದಾಟಿದ ತೆಂಗು ಬೆಳೆಗಾರರೊಬ್ಬರು ನನ್ನ ಹಳೆಯ ರೋಗಿ. ಹೆಂಡತಿ ತೀರಿಕೊಂಡು ಎರಡು ವರ್ಷ. ಮಗ, ಸೊಸೆ ಬೆಂಗಳೂರಿನಲ್ಲಿ. ಎದೆ ಉರಿ, ಕೈಕಾಲು ಸೆಳೆತ, ರಾತ್ರಿ ಎರಡು ಗಂಟೆಗೇ ಎಚ್ಚರ. ಇ.ಸಿ.ಜಿ., ರಕ್ತಪರೀಕ್ಷೆ ಎಲ್ಲವೂ ಸರಿಯಾಗಿದ್ದವು. ಎರಡು ಬಾರಿ ನಾನು ನಿದ್ರೆಯ ಮಾತ್ರೆ ಬರೆದುಕೊಟ್ಟು ಕಳುಹಿಸಿದೆ. ಮೂರನೆಯ ಬಾರಿ ಬಂದಾಗ ಪೆನ್ನು ಕೆಳಗಿಟ್ಟು ಕೇಳಿದೆ:

"ಸಂಜೆ ಹೊತ್ತು ಏನು ಮಾಡ್ತೀರಿ ಯಜಮಾನ್ರೇ?"

"ಏನ್ ಮಾಡೋದು ಸಾ, ಟೀವಿ ಮುಂದೆ ಕೂತ್ಕೊತೀನಿ. ನೋಡೋದೂ ಇಲ್ಲ."

"ಮುಂಚೆ?"

"ಮುಂಚೆ ಸೋಮವಾರ ಈಶ್ವರನ ಗುಡೀಲಿ ಭಜನೆ ಇರ್ತಿತ್ತು. ನಾನೇ ತಬಲ. ಅವಳು ಹೋದ್ಮೇಲೆ ಅಟ್ಟಕ್ಕೆ ಹಾಕ್ಬಿಟ್ಟೆ, ಕೊಬ್ಬರಿ ಪಕ್ಕಕ್ಕೆ."

ಸಾಯಬೇಕೆಂದು ಎಂದಾದರೂ ಅನ್ನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ತಲೆ ತಗ್ಗಿಸಿ, "ಒಂದೊಂದ್ಸಲ" ಎಂದರು. ಎದೆ ಉರಿಗೂ ನಿದ್ರೆಗೂ ಕಾರಣ ಆಗ ತಿಳಿಯಿತು. ಅದು ಖಿನ್ನತೆ ಎಂಬ ಕಾಯಿಲೆ.

ಒಂಟಿತನವೂ ಒಂದು ಅಪಾಯ

ಬೀಡಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಯಂತೆ ಒಂಟಿತನವೂ ಆಯುಸ್ಸಿಗೆ ಕುತ್ತು. ಸುಮಾರು 3 ಲಕ್ಷ ಜನರನ್ನೊಳಗೊಂಡ 148 ಅಧ್ಯಯನಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬಂಧುಬಳಗ, ಸ್ನೇಹಿತರ ಒಡನಾಟ ಚೆನ್ನಾಗಿದ್ದವರು ಬದುಕುಳಿಯುವ ಸಾಧ್ಯತೆ ಶೇಕಡ 50ರಷ್ಟು ಹೆಚ್ಚೆಂದು ಕಂಡುಬಂತು.

ಹಾಗಾದರೆ ಸಂಗೀತವೇ ಏಕೆ? ಕಟ್ಟೆಯ ಮೇಲೆ ಹರಟೆ ಸಾಲದೇ? ಸಾಲುತ್ತದೆ. ಆದರೆ ದುಃಖದಲ್ಲಿರುವವನಿಗೆ ಮಾತಾಡುವುದೇ ಭಾರ. ತಾಳ ಹಾಕಲು ಮಾತು ಬೇಕಿಲ್ಲ. ಪಕ್ಕದವರ ಲಯಕ್ಕೆ ಕೈ ಸೇರಿಸಿದರೆ ಸಾಕು. ಜೊತೆಗೆ, ಉದ್ದನೆಯ ಸಾಲನ್ನು ಒಂದೇ ಉಸಿರಿನಲ್ಲಿ ಹಾಡುವಾಗ ಉಸಿರಾಟ ನಿಧಾನವಾಗುತ್ತದೆ, ಅದರೊಂದಿಗೆ ಹೃದಯದ ಬಡಿತವೂ ಏರಿಳಿಯುತ್ತದೆ. ಒಟ್ಟಿಗೆ ಹಾಡುವವರ ಬಡಿತಗಳ ಏರಿಳಿತ ಒಂದೇ ಹದಕ್ಕೆ ಬರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಕಲೆ ಮತ್ತು ಆರೋಗ್ಯದ ಬಗ್ಗೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ ವರದಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದೆ.

ಹೊರದೇಶಗಳಲ್ಲಿ ಯುಕುಲೇಲಿ ಎಂಬ ನಾಲ್ಕು ತಂತಿಯ ಪುಟ್ಟ ಗಿಟಾರ್ ಹಿಡಿದು ವಯಸ್ಸಾದವರು ವಾರಕ್ಕೊಮ್ಮೆ ಸೇರಿ ನುಡಿಸುತ್ತಾರೆ. ಅದನ್ನು ನೋಡಿ ನಾವು ಆಸೆಪಡಬೇಕಾಗಿಲ್ಲ. ನಮ್ಮ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಮೇಲ್ಛಾವಣಿಯನ್ನು ತಲೆಯೆತ್ತಿ ನೋಡಿ. ಅಲ್ಲಿ ಕುಣಿಯುವ ಶಿವನೂ ಒಬ್ಬನೇ ಇಲ್ಲ, ಜೊತೆಗೆ ವಾದ್ಯ ನುಡಿಸುವವರಿದ್ದಾರೆ.

ಜೊತೆಗಾರರನ್ನು ಹುಡುಕುವುದು ಹೇಗೆ?

1. ಮೊದಲು ನಿಮ್ಮೂರಿನ ಗುಡಿಯ ಪೂಜಾರಿಯನ್ನು ಕೇಳಿ. ಸೋಮವಾರ ಈಶ್ವರನ ಗುಡಿ, ಶನಿವಾರ ಆಂಜನೇಯನ ಗುಡಿ: ಯಾವ ಊರಿನಲ್ಲಿ ಯಾವ ದಿನ ಭಜನೆ ಎಂಬುದು ಅವರಿಗೆ ಗೊತ್ತಿರುತ್ತದೆ.

2. ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟರನ್ನು ವಿಚಾರಿಸಿ. ಸುತ್ತಲ ಹತ್ತು ಹಳ್ಳಿಗಳಲ್ಲಿ ಯಾರ ಕೈಯಲ್ಲಿ ತಾಳವಿದೆ, ಯಾರ ಕಂಠ ಚೆನ್ನಾಗಿದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಮೂಡಲಪಾಯದ ಭಾಗವತರು, ಸೋಮನ ಕುಣಿತದ ವಾದ್ಯದವರು ಹತ್ತಿರದಲ್ಲಿದ್ದರೆ ಅವರನ್ನೂ ಕೇಳಿ.

3. ಹೆಣ್ಣುಮಕ್ಕಳು ಸ್ತ್ರೀಶಕ್ತಿ ಸಂಘದ ಸಭೆ ಮುಗಿದ ಮೇಲೆ ಅರ್ಧ ಗಂಟೆ ಸೋಬಾನೆ, ಕೋಲಾಟದ ಪದ ಹಾಡಬಹುದು. ಹಾಡು ಬಲ್ಲ ಅಜ್ಜಿಯೊಬ್ಬರು ಬೀದಿಗೆ ಒಬ್ಬರಾದರೂ ಇರುತ್ತಾರೆ. ಅವರನ್ನು ಕರೆದರೆ ಅವರ ಆರೋಗ್ಯಕ್ಕೂ ಒಳ್ಳೆಯದು.

4. ಎಲ್ಲಿಯೂ ಗುಂಪು ಸಿಗದಿದ್ದರೆ ಮೂವರು ಸೇರಿ ಶುರುಮಾಡಿ. ದಿನ, ಹೊತ್ತು ಗೊತ್ತುಮಾಡಿ, ಮಳೆ ಬಂದರೂ ತಪ್ಪಿಸಬೇಡಿ. ಸಾವಿರಾರು ರೂಪಾಯಿ ಕೊಟ್ಟು ಹಾರ್ಮೋನಿಯಂ ಕೊಳ್ಳುವ ಮೊದಲು ಒಂದು ಜೊತೆ ತಾಳದಲ್ಲಿ ಆರಂಭಿಸಿ.

"ನನಗೆ ಶ್ರುತಿಯೇ ತಿಳಿಯದು" ಎನ್ನುವವರು ಚಿಂತಿಸಬೇಕಾಗಿಲ್ಲ. ಮುಂದೆ ಹಾಡುವವನು ಒಬ್ಬ, ಹಿಂದೆ ಹೇಳುವವರು ಹಲವರು. ಭಜನೆ ನಡೆಯುವುದೇ ಹಾಗೆ.

ಕೆಲವು ಎಚ್ಚರಿಕೆಗಳು

* ಕೆಮ್ಮು, ಜ್ವರ ಇದ್ದಾಗ ಹಾಡಲು ಹೋಗಬೇಡಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಗಾಯನ ಗುಂಪಿನ ಅಭ್ಯಾಸಕ್ಕೆ ಬಂದಿದ್ದ 61 ಜನರಲ್ಲಿ 53 ಮಂದಿಗೆ ಕೋವಿಡ್ ತಗುಲಿತು ಅಥವಾ ತಗುಲಿರಬಹುದೆಂದು ಲೆಕ್ಕ ಸಿಕ್ಕಿತು, ಇಬ್ಬರು ತೀರಿಕೊಂಡರು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಗುಡಿಯ ಕಿಟಕಿ ಬಾಗಿಲು ತೆರೆದಿರಲಿ.

* ಧ್ವನಿವರ್ಧಕದ ಪಕ್ಕದಲ್ಲೇ ಕೂರಬೇಡಿ. ಕೇಳುವ ಶಕ್ತಿ ಒಮ್ಮೆ ಕುಂದಿದರೆ ಮರಳುವುದು ಕಷ್ಟ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವೂ ಇದೆ. ಎಂಟು ಹತ್ತು ಜನರ ಭಜನೆಗೆ ಮೈಕೇ ಬೇಡ.

* ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಊಟ ಮಾಡದೆ ಭಜನೆಗೆ ಹೋಗಬಾರದು. ಪಾನಕ, ಸಿಹಿ ಪ್ರಸಾದ ನೆಪಕ್ಕಷ್ಟೇ ಇರಲಿ.

* ಮಂಡಿ ನೋವಿದ್ದವರು ಕುರ್ಚಿಯಲ್ಲಿ ಕೂರಲು ನಾಚಬೇಕಾಗಿಲ್ಲ.

* ಧ್ವನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ, ಅದರಲ್ಲೂ ಬೀಡಿ, ಹೊಗೆಸೊಪ್ಪಿನ ಅಭ್ಯಾಸವಿದ್ದರೆ, ಗಂಟಲು ತಜ್ಞರಿಗೆ ತೋರಿಸಿ.

* ಮೂರ್ಛೆ ರೋಗ ಇರುವವರು ನಡುರಾತ್ರಿಯವರೆಗೆ ನಿದ್ರೆಗೆಟ್ಟು ನಾಟಕದ ಅಭ್ಯಾಸ ಮಾಡುವುದು ಬೇಡ.

ಮನೆಯವರು ಗಮನಿಸಬೇಕಾದುದು

ಭಜನೆ ಔಷಧಕ್ಕೆ ಬದಲಿಯಲ್ಲ. ಎರಡು ವಾರ ಮೀರಿ ನಿದ್ರೆ, ಹಸಿವು, ಆಸಕ್ತಿ ಕುಂದಿದ್ದರೆ, ಮಾತು ಕಡಿಮೆಯಾಗಿದ್ದರೆ ವೈದ್ಯರಲ್ಲಿಗೆ ಕರೆತನ್ನಿ. ತೋಟಕ್ಕೆ ತಂದ ಕೀಟನಾಶಕವನ್ನು ಬೀಗ ಹಾಕಿಡಿ. ಸಾಯುವ ಮಾತಾಡಿದರೆ ತಮಾಷೆಯೆಂದು ತಳ್ಳಿಹಾಕಬೇಡಿ, ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ಆ ಯಜಮಾನರಿಗೆ ಖಿನ್ನತೆಯ ಮಾತ್ರೆ ಆರಂಭಿಸಿ, ಮಗನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಅಷ್ಟರವರೆಗೆ ಪ್ರತಿ ಸೋಮವಾರ ಗುಡಿಗೆ ಹೋಗಿ ಕೂರಲೇಬೇಕೆಂದು ಚೀಟಿಯಲ್ಲೇ ಬರೆದುಕೊಟ್ಟೆ. ಅಟ್ಟದಿಂದ ಇಳಿಸಿದರೆ ತಬಲದ ಚರ್ಮವನ್ನು ಇಲಿ ಕಡಿದಿತ್ತಂತೆ. "ತಾಳ ಹಿಡ್ಕೊಂಡೇ ಕೂತೆ ಸಾ" ಎಂದರು. ಮೂರು ತಿಂಗಳ ಮೇಲೆ ಬಂದಾಗ ನಿದ್ರೆಯ ಮಾತ್ರೆ ನಿಂತಿತ್ತು, ಉಳಿದ ಮಾತ್ರೆ ನಡೆಯುತ್ತಿತ್ತು. ತಬಲಕ್ಕೆ ಹೊಸ ಚರ್ಮ ಹಾಕಿಸಲು ಕೊಟ್ಟಿದ್ದರು. ಗುಣವಾಗಿದ್ದು ಯಾವುದರಿಂದ, ಮಾತ್ರೆಯಿಂದಲೋ ತಾಳದಿಂದಲೋ ಎಂದು ಅವರು ಕೇಳಿದರು. ಎರಡನ್ನೂ ಬಿಡಬೇಡಿ ಎಂದೆ.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ತಬಲವೋ ತಂಬೂರಿಯೋ ಇರಬಹುದು. ಈ ವಾರ ಒಮ್ಮೆ ಹತ್ತಿ ನೋಡಿ.