ಗೇಣು ಮಣ್ಣಿನ ನಾಣ್ಯ: ಮೆಟಲ್ ಡಿಟೆಕ್ಟರ್ ಹಿಡಿಯುವವರಿಗೆ ಸೂತ್ರಗಳು

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆ ಎಂದರೆ ಒಂದರ ಮೇಲೊಂದು ರಾಜ್ಯಗಳ ನಾಣ್ಯ ಓಡಾಡಿದ ನೆಲ. ಶಾಸನಗಳಲ್ಲಿ ದಾನದ ಲೆಕ್ಕ ಗದ್ಯಾಣ, ಪಣ, ಹಾಗ, ವೀಸಗಳಲ್ಲಿದೆ. ಹನುಮಂತನ ಚಿತ್ರವಿರುವ ಚಿನ್ನದ ನಾಣ್ಯಗಳನ್ನು ವಿದ್ವಾಂಸರು ಹಾನಗಲ್ ಕದಂಬರದೆಂದು ಗುರುತಿಸುತ್ತಾರೆ. ಅವರ ಧ್ವಜದಲ್ಲೂ ವಾನರನಿದ್ದ. ಆಮೇಲೆ ವಿಜಯನಗರದ ವರಾಹ ಬಂತು, ಆದಿಲಶಾಹಿ ಬಂತು, ಮರಾಠರ ಶಿವರಾಯಿ ಬಂತು, 1818ರ ನಂತರ ಕಂಪನಿಯ ದುಡ್ಡು. ನಡುವೆ ಸವಣೂರು ನವಾಬರ ಪುಟ್ಟ ಸಂಸ್ಥಾನ 1948ರವರೆಗೂ ಉಳಿದಿತ್ತು. ಇಂಥ ಕಡೆ ಹುಟ್ಟಿದ ಹುಡುಗರು ಡಿಟೆಕ್ಟರ್ ಕೊಳ್ಳಲು ಆಸೆಪಡುವುದು ಸಹಜ. ಆಸೆ ತಪ್ಪಲ್ಲ. ಆದರೆ ಈ ಕೆಲಸದಲ್ಲಿ ಗೆಲ್ಲುವುದೆಂದರೆ ಏನು, ಎಲ್ಲಿ ನಿಲ್ಲಬೇಕು ಎಂಬುದು ಯಂತ್ರ ಕೊಳ್ಳುವ ಮೊದಲೇ ಗೊತ್ತಿರಬೇಕು.

1. ಕಾಲಿಡಬಾರದ ಜಾಗಗಳ ಪಟ್ಟಿ ಮೊದಲು ಮಾಡಿ.
ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ನಗರೇಶ್ವರ ದೇವಾಲಯಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಸ್ಮಾರಕ ರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2010ರ ತಿದ್ದುಪಡಿ ಇಂಥ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂದು ಗೆರೆ ಎಳೆದಿದೆ. ಈ 300 ಮೀಟರಿನೊಳಗೆ ಡಿಟೆಕ್ಟರ್ ಒಯ್ಯಲೇಬೇಡಿ. ಕೋಟೆ, ಕೆರೆಯ ಏರಿ, ಅರಣ್ಯ, ಬಂಕಾಪುರದ ನವಿಲುಧಾಮ, ಹಾಳೂರ ದಿಬ್ಬ, ವೀರಗಲ್ಲು ನಿಂತ ಬಯಲು ಇವೆಲ್ಲ ಪಟ್ಟಿಯಲ್ಲಿರಲಿ. ನಿಧಿಯ ಆಸೆಗೆ ಬಸವಣ್ಣನ ವಿಗ್ರಹ ಕಿತ್ತವರು, ವೀರಗಲ್ಲು ಒಡೆದವರು ನಮ್ಮ ನಾಡಿಗೆ ಮಾಡಿದ ಹಾನಿಯನ್ನು ಯಾವ ಇಲಾಖೆಯೂ ಸರಿಪಡಿಸಲಾರದು. ಅವರ ಸಾಲಿಗೆ ಸೇರಬೇಡಿ.

2. ಹೊಲದ ಮಾಲೀಕರ ಒಪ್ಪಿಗೆ ಕಾಗದದ ಮೇಲಿರಲಿ.
ಸ್ವಂತ ಹೊಲವಾದರೆ ಸರಿ. ಬೇರೆಯವರದಾದರೆ ಸರ್ವೆ ನಂಬರ್ ಸಮೇತ ಬರೆಸಿಕೊಳ್ಳಿ. ಊರಿನ ನಾಲ್ಕು ಜನಕ್ಕೂ ಹೇಳಿ, ಹಗಲಲ್ಲೇ ಹೋಗಿ. ರಾತ್ರಿ ಟಾರ್ಚ್ ಹಿಡಿದು ಹೊಲದಲ್ಲಿ ಕಂಡವರನ್ನು ನಿಧಿಗಳ್ಳರೆಂದು ಜನ ತಿಳಿದರೆ ಅದು ಜನರ ತಪ್ಪಲ್ಲ.

3. ಅಂಗಡಿಯಲ್ಲಿ ‘ಎಷ್ಟು ಆಳ?’ ಎಂದು ಕೇಳಬೇಡಿ.
ಎಲ್ಲರೂ ಮೊದಲು ಕೇಳುವುದು ಇದನ್ನೇ, ಮೋಸ ಹೋಗುವುದೂ ಇಲ್ಲಿಯೇ. ಒಂದು ರೂಪಾಯಿ ಅಗಲದ ನಾಣ್ಯವನ್ನು ಒಳ್ಳೆಯ ಡಿಟೆಕ್ಟರ್ ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್ ಆಳದವರೆಗೆ ಗುರುತಿಸುತ್ತದೆ. ಅಂದರೆ ಹೆಚ್ಚೂಕಡಿಮೆ ಒಂದು ಗೇಣು. ನೇಗಿಲು ಮಗುಚುವ ಆಳವೂ ಅಷ್ಟೇ. ಆ ಗೇಣು ಮಣ್ಣು ನೂರಾರು ವರ್ಷ ಅಡಿಮೇಲಾಗಿರುತ್ತದೆ. ಅದರ ಕೆಳಗಿನ ಪದರು ಕದಲದೆ ಕುಳಿತಿರುತ್ತದೆ, ಅದು ಇತಿಹಾಸ ಬಲ್ಲವರು ತೆರೆಯಬೇಕಾದದ್ದು. ಹಾಗಾಗಿ ಗೇಣು ಆಳದ ಯಂತ್ರ ಸಾಕು, ಗೇಣಿಗಿಂತ ಕೆಳಗೆ ಅಗೆಯಲೂ ಬೇಡಿ.

‘ಮೂವತ್ತು ಅಡಿ ಕೆಳಗಿನ ಚಿನ್ನ ತೋರಿಸುತ್ತದೆ’, ‘ಅರ್ಧ ಕಿಲೋಮೀಟರಿನಿಂದಲೇ ದಿಕ್ಕು ಹೇಳುತ್ತದೆ’ ಎಂದು ಎರಡು ಕಡ್ಡಿ ಕೈಗೆ ಕೊಡುವವರನ್ನು ನಂಬಬೇಡಿ. ಅವರ ಹಿಂದೆಯೇ ಪೂಜೆ, ಬಲಿ ಎನ್ನುವವರೂ ಬರುತ್ತಾರೆ. ನಿಧಿ ಶೋಧದ ಹೆಸರಿನ ಅಮಾನವೀಯ ವಾಮಾಚಾರ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಶಿಕ್ಷಾರ್ಹ.

4. ಯಂತ್ರದ ಜಾತಿ ನೋಡಿ ಕೊಳ್ಳಿ.
ಹೊಲದ ಕೆಲಸಕ್ಕೆ ಬೇಕಾದದ್ದು ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ) ಮಾದರಿ: ಕಬ್ಬಿಣ ಯಾವುದು, ತಾಮ್ರ ಯಾವುದು ಎಂಬ ಅಂದಾಜು ಕೊಡುತ್ತದೆ. ಪಲ್ಸ್ ಇಂಡಕ್ಷನ್ ಮಾದರಿ ಖನಿಜ ತುಂಬಿದ ನೆಲದಲ್ಲಿ ಚೆನ್ನಾಗಿ ಇಳಿಯುತ್ತದೆ, ಆದರೆ ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ತೀರಾ ಹಿಂದೆ. ಎತ್ತಿನ ಲಾಳದ ಮೊಳೆ ಬಿದ್ದ ಹೊಲದಲ್ಲಿ ಅದು ನಿಮ್ಮನ್ನು ದಿನವಿಡೀ ಮೊಳೆ ಆಯಿಸುತ್ತದೆ. ಇನ್ನು ಆವರ್ತನ. 5ರಿಂದ 8 ಕಿಲೋಹರ್ಟ್ಸ್ ದಪ್ಪ ತಾಮ್ರ, ಬೆಳ್ಳಿಗೆ ಒಳ್ಳೆಯದು. ವಿಜಯನಗರದ ಚಿನ್ನದ ಪಣ ಅರ್ಧ ಗ್ರಾಮ್ ಕೂಡ ತೂಗುವುದಿಲ್ಲ. ಅಂಥ ಸಣ್ಣದಕ್ಕೆ 15 ಕಿಲೋಹರ್ಟ್ಸ್ ದಾಟಬೇಕು. ಹಲವು ಆವರ್ತನ ಒಟ್ಟಿಗೆ ಬಿಡುವ ಮಾದರಿಗಳು ಎರಡನ್ನೂ ತೂಗಿಸುತ್ತವೆ, ಬೆಲೆ ಹೆಚ್ಚು. ಗ್ಯಾರೆಟ್, ಮೈನ್‌ಲ್ಯಾಬ್, ನೋಕ್ಟಾ ಹೆಸರಾದ ಕಂಪನಿಗಳು. ನಕಲಿ ಮಾಲೂ ಇವುಗಳ ಹೆಸರಿನಲ್ಲೇ ಬರುತ್ತದೆ, ಬಿಲ್ಲು ಮತ್ತು ವಾರಂಟಿ ಇಲ್ಲದೆ ಕೊಳ್ಳಬೇಡಿ. ಹೆಡ್‌ಫೋನ್, ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಇದ್ದರೆ ಅರ್ಧ ಕೆಲಸ ಹಗುರ.

5. ಎರೆ ಬೇರೆ, ಮಸಾರಿ ಬೇರೆ.
ಸವಣೂರು, ಶಿಗ್ಗಾಂವಿ ಕಡೆಯ ಎರೆ ಹೊಲದಿಂದ ಹಾನಗಲ್ಲಿನ ಮಲೆನಾಡ ಸೆರಗಿನ ಕೆಂಪು ಮಸಾರಿ ನೆಲಕ್ಕೆ ಬಂದರೆ ಯಂತ್ರ ಸುಮ್ಮಸುಮ್ಮನೆ ಕೂಗತೊಡಗಬಹುದು. ಕೆಂಪು ಮಣ್ಣಿನ ಕಬ್ಬಿಣದ ಅಂಶ ಅದನ್ನು ಕೂಗಿಸುತ್ತದೆ. ಲೋಹವಿಲ್ಲದ ಜಾಗ ಹುಡುಕಿ ಯಂತ್ರದ ತುದಿಯ ತಟ್ಟೆಯನ್ನು, ಅಂದರೆ ಕಾಯಿಲನ್ನು, ನೆಲದ ಮೇಲೆ ನಿಧಾನವಾಗಿ ಎತ್ತಿ ಇಳಿಸುತ್ತಾ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಯಂತ್ರವನ್ನು ಆ ಮಣ್ಣಿಗೆ ಹೊಂದಿಸಿ. ಹೊಲ ಬದಲಾದಾಗಲೆಲ್ಲ ಮತ್ತೆ ಮಾಡಿ. ಎರೆ ಭೂಮಿಯದು ಇನ್ನೊಂದು ಗುಣ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚುತ್ತದೆ. ಬಿರುಕಿಗೆ ಬಿದ್ದ ನಾಣ್ಯ ಕೆಳಗಿಳಿಯುತ್ತದೆ, ಕೆಳಗಿನದು ಮೇಲೂ ಬರುತ್ತದೆ. ಆದ್ದರಿಂದ ಎರೆಯಲ್ಲಿ ಸಿಕ್ಕ ಆಳ ನೋಡಿ ಕಾಲ ಹೇಳಬೇಡಿ.

6. ಹಿತ್ತಲಲ್ಲಿ ಪಾಠ ಕಲಿಯಿರಿ.
ಹಳೆಯ ಅಲ್ಯೂಮಿನಿಯಂ ಮೂರು ಪೈಸೆ, 1943ರ ನಂತರದ ತೂತಿನ ದುಡ್ಡು, ಈಗಿನ ಒಂದು ರೂಪಾಯಿ, ಲಾಳದ ಮೊಳೆ, ಗುಟ್ಖಾ ಚೀಟಿ, ಸೋಡಾ ಬಾಟಲಿ ಮುಚ್ಚಳ ಇವನ್ನು 5, 10, 15 ಸೆಂಟಿಮೀಟರ್ ಆಳದಲ್ಲಿ ಹೂತು ಗುರುತಿನ ಕಡ್ಡಿ ನೆಡಿ. ಒಂದೊಂದರ ಮೇಲೂ ಕಾಯಿಲ್ ಆಡಿಸಿ, ದನಿ ಕಿವಿಗೆ ಕೂರುವವರೆಗೆ. ತೂತಿನ ದುಡ್ಡಿನ ದನಿ ಎಡದಿಂದ ಬಂದರೂ ಬಲದಿಂದ ಬಂದರೂ ಒಂದೇ, ಗುಂಡಗೆ ಇರುತ್ತದೆ. ಮೊಳೆಯದು ಒಂದು ಕಡೆಯಿಂದ ಚೀರುತ್ತದೆ, ಇನ್ನೊಂದು ಕಡೆಯಿಂದ ಒಡೆಯುತ್ತದೆ. ಈಗಿನ ರೂಪಾಯಿ ಉಕ್ಕಿನದು. ಕಬ್ಬಿಣ ಬೇಡವೆಂದು ಒತ್ತಿದರೆ ಯಂತ್ರ ಅದನ್ನೂ ಬಿಡಬಹುದು.

7. ಪರದೆಯ ಅಂಕಿಯನ್ನು ಪೂರ್ತಿ ನಂಬಬೇಡಿ.
ಲೋಹದ ಅಂದಾಜಿಗೆಂದು ಪರದೆಯಲ್ಲಿ ಮೂಡುವ ಅಂಕಿಗಳಲ್ಲಿ ದೊಡ್ಡ ಬೆಳ್ಳಿ ರೂಪಾಯಿ, ಅಂದರೆ 11.66 ಗ್ರಾಮಿನದು, ಮೇಲಿನ ಅಂಕಿ ತೋರಿಸುತ್ತದೆ. ಆದರೆ ಸಣ್ಣ ಚಿನ್ನದ ಪಣವೂ ಗುಟ್ಖಾ ಚೀಟಿಯೂ ಒಂದೇ ಕೆಳಗಿನ ಅಂಕಿ ತೋರಿಸಬಲ್ಲವು. ಕಸ ಬೇಡವೆಂದು ಆ ಅಂಕಿಯನ್ನು ಮುಚ್ಚಿದವರು ಚಿನ್ನವನ್ನೂ ಮುಚ್ಚಿದಂತೆ. ಗುಟ್ಖಾ ಚೀಟಿ ಸಿಕ್ಕರೆ ಬೇಸರಿಸದೆ ಚೀಲಕ್ಕೆ ಹಾಕಿಕೊಳ್ಳಿ, ಹೊಲವೂ ಸ್ವಚ್ಛವಾಗುತ್ತದೆ.

8. ರಂಟೆ ಹೊಡೆದು ಹರಗಿದ ಹೊಲ, ಬಿತ್ತನೆಗೆ ಮುಂಚಿನ ದಿನಗಳು.
ಅಶ್ವಿನಿ, ಭರಣಿ ಮಳೆ ಒಂದೆರಡು ಬಿದ್ದು ಮಣ್ಣು ಹದವಾಗಿ ತೇವವಾದಾಗ ಸಂಕೇತ ಸ್ಪಷ್ಟ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿ ಎರಡು ಬೆರಳು ಎತ್ತರದಲ್ಲಿರಲಿ, ಪ್ರತಿ ಬೀಸು ಹಿಂದಿನದರ ಅರ್ಧವನ್ನು ಮತ್ತೆ ಮುಟ್ಟಲಿ. ವಿದ್ಯುತ್ ತಂತಿ, ಪಂಪ್‌ಸೆಟ್ ಹತ್ತಿರ ಸೆನ್ಸಿಟಿವಿಟಿ ಇಳಿಸಿ. ನಿಂತ ಪೈರಿಗೆ ಇಳಿಯಬೇಡಿ.

ಸುತ್ತಲಿನ ಲೋಹ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿಯಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಗ್ರಹಾಂ ಬೆಲ್ ತನ್ನ ಯಂತ್ರ ತಂದ. ಗುಂಡು ಸಿಗಲಿಲ್ಲ. ಹಾಸಿಗೆಯ ಲೋಹದ ಸ್ಪ್ರಿಂಗುಗಳು ಯಂತ್ರವನ್ನು ಕೆಡಿಸಿದ್ದವೆಂದು ಹೇಳಲಾಗುತ್ತದೆ.

9. ಗುಂಡಿ ಸಣ್ಣದಿರಲಿ, ಮುಚ್ಚಿ ಬನ್ನಿ.
ಗುದ್ದಲಿ, ಹಾರೆ ಮನೆಯಲ್ಲೇ ಇರಲಿ. ಕಳೆ ತೆಗೆಯುವ ಕುರುಪಿ ಸಾಕು. ಸಂಕೇತದ ನಡುವಿಗೆ ಚುಚ್ಚಿದರೆ ನಾಣ್ಯಕ್ಕೇ ಗಾಯ; ಸುತ್ತ ಬಿಡಿಸಿ.

10. ಸಿಕ್ಕದ್ದನ್ನು ಉಜ್ಜಬೇಡಿ.
ಹುಣಸೆಹಣ್ಣು, ಬೂದಿ, ನಿಂಬೆರಸ, ಬ್ರಷ್ ಯಾವುದೂ ಬೇಡ. ತಾಮ್ರದ ಮೇಲಿನ ಹಸಿರು ಮಿಶ್ರಿತ ಕಂದು ಪೊರೆಯೇ ಅದರ ಅಕ್ಷರಗಳನ್ನು ಕಾಪಾಡಿರುವುದು. ಹುಣಸೆಹಣ್ಣು ಆ ಪೊರೆಯನ್ನು ಕ್ಷಣದಲ್ಲಿ ತಿಂದುಬಿಡುತ್ತದೆ, ಫಳಫಳ ಹೊಳೆಯುವ ಬರಿಯ ಬಿಲ್ಲೆ ಉಳಿಯುತ್ತದೆ. ಕಾಗದದ ಲಕೋಟೆಯಲ್ಲಿಟ್ಟು ದಿನಾಂಕ, ಸರ್ವೆ ನಂಬರ್, ಆಳ ಬರೆಯಿರಿ. ಸಿಕ್ಕ ಜಾಗದ ಫೋಟೋ ತೆಗೆದು ಮೊಬೈಲಿನಲ್ಲಿ ಲೊಕೇಶನ್ ಗುರುತಿಸಿ. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ನಾಣ್ಯ ಅರ್ಧ ಮೂಕ. ಓದಲು ಕಲಿಯಬೇಕೆಂದರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ, ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದದ್ದನ್ನು ಹುಡುಕಿ ಓದಿ.

11. ಕುಡಿಕೆ ಕಂಡರೆ ಕೈ ಹಿಂದಕ್ಕೆ.
ಒಂದೇ ಕಡೆ ಎರಡು ಮೂರು ನಾಣ್ಯ ಬಂದರೆ, ಮಡಕೆಯ ಅಂಚು ಕಂಡರೆ, ಅಲ್ಲಿಗೆ ನಿಲ್ಲಿಸಿ. ಹೊರಗೆ ಕೀಳಬೇಡಿ, ಎಣಿಸಬೇಡಿ, ಅಕ್ಕಸಾಲಿಗನ ಹತ್ತಿರ ಒಯ್ಯಬೇಡಿ. ನಾಣ್ಯಗಳು ಕುಡಿಕೆಯಲ್ಲಿ ಜೋಡಿಸಿಕೊಂಡ ಬಗೆಯೇ ಯಾರು, ಯಾವ ಗಾಬರಿಯಲ್ಲಿ ಹೂತರೆಂಬುದರ ಸುಳಿವು. 1878ರ ನಿಧಿ ಕಾಯ್ದೆಯೂ ನಮ್ಮ ರಾಜ್ಯದ 1962ರ ಕಾಯ್ದೆಯೂ ಸಿಕ್ಕವರ ಮೇಲೆ ಹೊರಿಸುವ ಮೊದಲ ಕರ್ತವ್ಯ ಜಿಲ್ಲಾಧಿಕಾರಿಗೆ ತಿಳಿಸುವುದು. ಮುಚ್ಚಿಟ್ಟರೆ 1878ರ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸಜೆ ಇದೆ. ತಿಳಿಸಿದವರನ್ನು ಅದು ಬರಿಗೈಯಲ್ಲಿ ಕಳಿಸುವುದಿಲ್ಲ: ಸರ್ಕಾರ ನಿಧಿಯನ್ನು ತನ್ನದಾಗಿಸಿಕೊಂಡರೆ ಲೋಹದ ಬೆಲೆಯ ಜೊತೆಗೆ ಅದರ ಐದನೇ ಒಂದು ಭಾಗ ಸೇರಿಸಿ ಕೊಡಬೇಕೆನ್ನುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ಹೊರದೇಶಕ್ಕೆ ಮಾರಿ ಕಳಿಸುವ ಮಾತೇ ಇಲ್ಲ.

ಹಾವೇರಿ ಜಿಲ್ಲಾಧಿಕಾರಿಗೆ ಬರೆಯುವ ಪತ್ರದಲ್ಲಿ ನಾಲ್ಕು ವಿಷಯ ಇರಲಿ: ಏನು ಸಿಕ್ಕಿತು, ಎಷ್ಟು, ಎಲ್ಲಿ, ಯಾವ ದಿನ. ಕುಡಿಕೆ ಇನ್ನೂ ಮಣ್ಣಲ್ಲಿದ್ದರೆ ‘ಕಂಡಷ್ಟು’ ಎಂದು ಬರೆದರೆ ಸಾಕು. ಜೊತೆಗೆ ಫೋಟೋ ಲಗತ್ತಿಸಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.